ನಲವತ್ತೇಳನೆಯ ಟವರಿನ ಬೋಲ್ಟುಗಳು

ಮಂಗಳವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮೇಡಂ ಇನ್ನೂ ಟೋಪಿ ತೆಗೆದಿಡುವ ಮೊದಲೇ ಇಬ್ಬರು ಠಾಣೆಗೆ ಬಂದರು. ಒಬ್ಬರು ಹೊಸ ಹೈಟೆನ್ಷನ್ ಲೈನಿನ ಇಂಜಿನಿಯರ್. ಇನ್ನೊಬ್ಬ ಅದೇ ಲೈನಿನ ಫೋರ್‌ಮನ್, ಮೂವತ್ತು ದಾಟದವನು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ದೂರು ಚಿಕ್ಕದು. ನಲವತ್ತೇಳನೆಯ ಟವರಿನ ಒಂದು ಕಾಲಿನ ಅಡ್ಡಪಟ್ಟಿಗಳನ್ನು ಯಾರೋ ಬಿಚ್ಚಿಹಾಕಿದ್ದರು. ಶುಕ್ರವಾರ ಆ ಲೈನಿನಲ್ಲಿ ಮೊದಲ ಸಲ ವಿದ್ಯುತ್ ಹರಿಯಬೇಕಿತ್ತು.

"ಗುಡ್ಡದ ಮೇಲೆ ಗಾಳಿಯಂತ್ರ ತಯಾರಾಗಿ ವರ್ಷ ಆಯ್ತು ಮೇಡಂ," ಎಂದರು ಇಂಜಿನಿಯರ್. "ಕರೆಂಟ್ ಇದೆ, ಊರಿಗೆ ತರೋ ದಾರಿ ಇಲ್ಲ. ಹಳೇ ಲೈನು ಏದುಸಿರು ಬಿಡ್ತಿದೆ. ಶುಕ್ರವಾರ ಬಂಡವಾಳ ಹಾಕಿದವರೇ ನೋಡೋಕೆ ಬರ್ತಾರೆ. ಇದು ಸರಿಯಾಗಿ ನಡೆದ್ರೆ ಎರಡನೇ ಲೈನಿಗೂ ಹಾಕ್ತಾರೆ."

ಫೋರ್‌ಮನ್ ನೀರು ಕುಡಿಯಲು ಹೊರಗೆ ಹೋದಾಗ ಅವರು ದನಿ ತಗ್ಗಿಸಿದರು. "ಯಾರೋ ಬಿಚ್ಚಿದ್ರೋ, ಇವನು ಹಾಕೇ ಇರಲಿಲ್ವೋ, ನನಗೆ ಅನುಮಾನ. ಹಾಕದೇ ಸಹಿ ಮಾಡಿದ್ರೆ ಇವತ್ತೇ ಮನೆಗೆ ಕಳಿಸ್ತೀನಿ. ಆಮೇಲೆ ಯಾರೂ ಇವನನ್ನ ಟವರ್ ಹತ್ತಿಸಲ್ಲ."

ಒಂಬತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ಮೇಲಧಿಕಾರಿಯ ಫೋನು. ತರಬೇತಿಯಲ್ಲಿ ಮೇಡಂ ಬರೆದದ್ದನ್ನು ಹಿಂದಿನ ಬೆಂಚಿನಿಂದ ಇಣುಕಿ ನೋಡಿ ಪಾಸಾದ ಮನುಷ್ಯ ಈಗ ಅವರಿಗಿಂತ ಎರಡು ಮೆಟ್ಟಿಲು ಮೇಲಿದ್ದ. ಗುರುವಾರದೊಳಗೆ ಮುಗಿಸಬೇಕಂತೆ. "ಆಗಲಿ ಸರ್," ಎಂದರು ಮೇಡಂ. ಆ 'ಸರ್' ಹೇಳುವಾಗಲೆಲ್ಲ ಅವರಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು, ಮತ್ತು ಅದನ್ನು ಅವರು ತಮ್ಮಿಂದ ತಾವೇ ಮುಚ್ಚಿಡುತ್ತಿರಲಿಲ್ಲ.

ಟವರು ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿತ್ತು. ಬಿಚ್ಚಿದ ಪಟ್ಟಿಗಳೆಲ್ಲ ಏಣಿಗೆ ಎಟುಕುವ ಎತ್ತರದವು. ಪಂಚನಾಮೆ ಬರೆಯಲು ಕುಳಿತ ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಪೆನ್ನು ಕೆಳಗಿಟ್ಟು ನೋಡಿದ. ಬಾಯಿ ಮುಚ್ಚದ ಈತನಿಗೆ ಠಾಣೆಯಲ್ಲಿ ರೇಡಿಯೋ ಎಂದು ಹೆಸರು. ಕಬ್ಬಿಣ ಕಳುವಾಗಿರಲಿಲ್ಲ. ಪಟ್ಟಿಗಳನ್ನು ಮರದ ತುಂಡುಗಳ ಮೇಲೆ ಉದ್ದಕ್ಕೆ ಜೋಡಿಸಲಾಗಿತ್ತು. ಕಾಲು ವಾಲದಂತೆ ಉಕ್ಕಿನ ಹಗ್ಗದಿಂದ ಎದುರು ಕಾಲಿಗೆ ಬಿಗಿಯಲಾಗಿತ್ತು. ಪಕ್ಕದಲ್ಲಿ ಒಂದು ಗೋಣಿಚೀಲ, ಅದರೊಳಗೆ ಬೋಲ್ಟುಗಳು. ಪ್ರತಿ ಬೋಲ್ಟಿಗೂ ಅದರ ವಾಷರ್, ಅದರ ನಟ್ಟು, ಎರಡು ಸುತ್ತು ತಿರುಗಿಸಿ ಕೂರಿಸಿದ್ದು.

"ಕಳ್ಳರಿಗೆ ಇಷ್ಟು ಅಚ್ಚುಕಟ್ಟುತನ ಇದ್ದಿದ್ರೆ, ನಮ್ಮ ಸ್ಟೋರ್ ರೂಮನ್ನೂ ಅವರಿಗೇ ಒಪ್ಪಿಸಬಹುದಿತ್ತು ಮೇಡಂ," ಎಂದ ರೇಡಿಯೋ.

ಬೋಲ್ಟುಗಳ ತಿರುಪಿನ ಎಳೆಯಲ್ಲಿ ಒಮ್ಮೆ ಬಿಗಿದ ಗುರುತಿತ್ತು. ಹಾಗಾದರೆ ಫೋರ್‌ಮನ್ ಹಾಕಿದ್ದು ನಿಜ. ಆದರೆ ಫೋರ್‌ಮನ್ ಜೊತೆ ಅಲ್ಲಿಗೆ ಬಂದಿದ್ದ ಇಂಜಿನಿಯರಿಗೆ ಈ ಗುರುತು ಸಾಲಲಿಲ್ಲ. "ಹಾಕಿ, ಆಮೇಲೆ ತಾನೇ ಬಿಚ್ಚಿರಬಹುದಲ್ಲ?" ಎಂದರು. ಫೋರ್‌ಮನ್ ಮುಖ ಸಣ್ಣದಾಯಿತು.

"ನಿನ್ನ ಗ್ಯಾಂಗಿನಲ್ಲಿ ಬಿಚ್ಚಿದ ಬೋಲ್ಟನ್ನ ಎಲ್ಲಿಡ್ತೀರಿ?" ಎಂದು ಮೇಡಂ ಕೇಳಿದರು.

"ಎರಡು ಬಕೆಟ್ ಇದೆ ಮೇಡಂ. ಒಂದಕ್ಕೆ ಬೋಲ್ಟು, ಒಂದಕ್ಕೆ ನಟ್ಟು. ನಾನು ಬಂದ ಮೇಲೆ ಮಾಡಿದ ಪದ್ಧತಿ. ಬೇಗ ಆಗುತ್ತೆ."

"ಅದಕ್ಕೆ ಮುಂಚೆ?"

ಅವನು ಗೋಣಿಚೀಲ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ.

ಬುಧವಾರ ಬೆಳಿಗ್ಗೆ ಮೇಡಂ ಲೈನಿನ ಸಾಮಾನು ಇಡುವ ಯಾರ್ಡಿಗೆ ಹೋದರು. ಅಲ್ಲಿ ಉಳಿಕೆ ಪಟ್ಟಿಗಳಿಂದ ಜೋಡಿಸಿದ ಮಾದರಿ ಚೌಕಟ್ಟೊಂದಿತ್ತು. ಗ್ಯಾಂಗಿನವರನ್ನು ಒಬ್ಬೊಬ್ಬರನ್ನಾಗಿ ಕರೆದು, ಒಂದೊಂದು ಬೋಲ್ಟು ಬಿಚ್ಚಲು ಹೇಳಿದರು. ಕಾರಣ ಹೇಳಲಿಲ್ಲ. ಎಲ್ಲರೂ ಬಿಚ್ಚಿ, ಪಕ್ಕದ ಮೇಜಿನ ಮೇಲೆ ನಟ್ಟನ್ನು ಒಂದು ಕಡೆ, ಬೋಲ್ಟನ್ನು ಒಂದು ಕಡೆ ಇಟ್ಟರು.

ಕೊನೆಗೆ ಬಂದವನು ನಲವತ್ತೆಂಟು ವರ್ಷದ ಗಟ್ಟಿ ಆಳು. ಎಲ್ಲರೂ ಅವನನ್ನು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಫೋರ್‌ಮನ್‌ನ ಅಕ್ಕನ ಗಂಡ ಇವನೇ, ಭಾಮೈದನಿಗೆ ಟವರ್ ಹತ್ತಲು ಕಲಿಸಿದವನೂ ಇವನೇ. ಕಳೆದ ವರ್ಷ ಒಮ್ಮೆ ತಲೆಸುತ್ತು ಬಂದಿತ್ತೆಂದು ವೈದ್ಯರು ಹತ್ತಬಾರದೆಂದರು. ಗ್ಯಾಂಗು ಭಾಮೈದನ ಕೈಸೇರಿತು. ಅಂದಿನಿಂದ ಮೇಸ್ತ್ರಿಯ ಕೆಲಸ ನೆಲದ ಮೇಲೆ, ಹತ್ತಿದವನ ಸುರಕ್ಷತಾ ಹಗ್ಗ ಹಿಡಿಯುವುದು.

"ಭಾಮೈದ ಹೇಗೆ?" ಎಂದರು ಮೇಡಂ.

"ಒಳ್ಳೆಯವನು." ಮೇಸ್ತ್ರಿ ಸ್ಪ್ಯಾನರ್ ತಿರುಗಿಸುತ್ತಲೇ ಹೇಳಿದ. "ಎಲ್ಲರೂ ಹಾಗೇ ಹೇಳ್ತಾರೆ. ನಮ್ಮನೆಯಲ್ಲೂ ದಿನಕ್ಕೆ ಹತ್ತು ಸಲ ಅದೇ ಮಾತು."

ಬೋಲ್ಟು ಹೊರಬಂತು. ಅವನ ಬೆರಳುಗಳು ತಮ್ಮಷ್ಟಕ್ಕೆ ತಾವೇ ವಾಷರ್ ತೂರಿಸಿ, ನಟ್ಟು ಹಚ್ಚಿ, ಎರಡು ಸುತ್ತು ತಿರುಗಿಸಿ ಮೇಜಿನ ಮೇಲಿಟ್ಟವು.

"ಹೀಗ್ಯಾಕೆ?"

"ಇಲ್ಲಾಂದ್ರೆ ಜೋಡಿ ತಪ್ಪುತ್ತೆ ಮೇಡಂ. ಒಂದರ ನಟ್ಟು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ." ಹೇಳಿ ಮುಗಿಸುವಷ್ಟರಲ್ಲಿ ಅವನ ನೋಟ ಮೇಜಿನ ಮೇಲಿದ್ದ ಬೇರೆಯವರ ಬಿಡಿ ನಟ್ಟುಗಳ ಮೇಲೆ ಬಿತ್ತು. ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ಯಾವಾಗ ಬಿಚ್ಚಿದೆ?"

"ಭಾನುವಾರ ಮಧ್ಯಾಹ್ನ. ಗ್ಯಾಂಗಿಗೆ ರಜೆ. ಮೇಸ್ತ್ರಿ ಟವರ್ ಹತ್ರ ಇದ್ರೆ ಯಾರು ಕೇಳ್ತಾರೆ?"

"ಬೀಳಿಸೋಕಾ?"

"ಥೂ, ಇಲ್ಲ. ಕಟ್ಟಿದ ಕೈ ಬೀಳಿಸುತ್ತಾ? ಮೊದಲು ಹಗ್ಗ ಬಿಗಿದೇ ಬಿಚ್ಚಿದ್ದು. ಅವನ ಕೆಲಸದಲ್ಲಿ ಒಂದು ತಪ್ಪು ಸಿಗಲಿ ಅಂತ. ಎಲ್ಲರೂ ಮತ್ತೆ ನನ್ನ ಹತ್ರ ಬರಲಿ ಅಂತ."

"ಹೊಟ್ಟೆಕಿಚ್ಚು."

"ಅದೇ ಮೇಡಂ. ಅದಕ್ಕೆ ಬೇರೆ ಒಳ್ಳೇ ಹೆಸರಿಲ್ಲ." ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇಪ್ಪತ್ತು ವರ್ಷ ನಾನು ಹತ್ತಿದೆ. ಬುತ್ತಿ ತಂದ ನನ್ನ ಹೆಂಡತಿ ಒಂದು ದಿನಾನೂ ಕತ್ತೆತ್ತಿ ನೋಡಲಿಲ್ಲ. ತಮ್ಮ ಹತ್ತಿದಾಗ ನೋಡಬೇಕು ಅವಳನ್ನ. ಕೈ ಅಡ್ಡ ಹಿಡ್ಕೊಂಡು, ಅವನು ಇಳಿಯೋವರೆಗೂ ಕಣ್ಣು ತೆಗೆಯಲ್ಲ. ನಾನು ಪಕ್ಕದಲ್ಲೇ ನಿಂತಿರ್ತೀನಿ, ಹಗ್ಗ ಹಿಡ್ಕೊಂಡು."

ಮೇಡಂ ಅಲ್ಲಿಯೇ ಬಂಧಿಸಿದರು. ಜೀಪಿನ ಬಳಿ ಫೋರ್‌ಮನ್ ಓಡಿಬಂದ. "ಭಾವ," ಎಂದ. ಆಮೇಲೆ ಮೇಡಂ ಕಡೆ ತಿರುಗಿ, "ದೂರು ವಾಪಸ್ ತಗೊಳ್ಳೋಕೆ ಆಗಲ್ವಾ?" ಎಂದು ಕೇಳಿದ. ದೂರು ಕಂಪನಿಯದು, ಆಗುವುದಿಲ್ಲ ಎಂದು ಹೇಳಬೇಕಾಯಿತು.

ಉಳಿದ ಹಗ್ಗ ಮತ್ತು ಸ್ಪ್ಯಾನರ್ ವಶಪಡಿಸಿಕೊಳ್ಳಲು ಮಧ್ಯಾಹ್ನ ಮೇಸ್ತ್ರಿಯ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಕುಳಿತಿದ್ದಳು. ರೇಡಿಯೋ ಪಂಚನಾಮೆ ಬರೆಯುತ್ತಿರುವಾಗ, ತನಿಖೆಗೆ ಬೇಕಿಲ್ಲದ ಒಂದು ಪ್ರಶ್ನೆಯನ್ನು ಮೇಡಂ ಕೇಳಿದರು.

"ಅವರು ಹತ್ತುವಾಗ ಯಾಕಮ್ಮ ನೋಡ್ತಿರಲಿಲ್ಲ?"

"ಭಯ," ಎಂದಳು ಅವಳು. "ಕತ್ತೆತ್ತಿದ್ರೆ ಎದೆ ನಿಂತುಹೋಗೋದು. ನೆಲ ನೋಡ್ಕೊಂಡೇ ಬುತ್ತಿ ಇಟ್ಟು ಬರ್ತಿದ್ದೆ."

"ತಮ್ಮ ಹತ್ತಿದ್ರೆ ಭಯ ಇಲ್ವಾ?"

"ಯಾಕೆ ಭಯ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆಳಗೆ ಹಗ್ಗ ಹಿಡಿದಿರೋದು ಇವರಲ್ವಾ?"

ರೇಡಿಯೋ ಪೆನ್ನು ಕೆಳಗಿಟ್ಟ.

ಸಂಜೆ ಮೇಡಂ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತು, ಆ ಮಾತನ್ನು ಇದ್ದದ್ದು ಇದ್ದಂತೆ ಮೇಸ್ತ್ರಿಗೆ ಹೇಳಿದರು. ಅವನು ಗೋಡೆಗೆ ಮುಖ ಮಾಡಿ ಕುಳಿತ. ಭುಜಗಳು ಅಲುಗುತ್ತಿದ್ದವು. ಕೊನೆಗೆ ತಿರುಗದೆಯೇ ಕೇಳಿದ.

"ಪಟ್ಟಿ ವಾಪಸ್ ಹಾಕ್ತಿದ್ದಾರಾ?"

"ನಾಳೆ ಬೆಳಿಗ್ಗೆ. ನಿನ್ನ ಭಾಮೈದನೇ."

"ಎಲ್ಲಾ ಬೋಲ್ಟು ಬಿಗಿಯಾಗೋವರೆಗೂ ನಾನು ಕಟ್ಟಿದ ಹಗ್ಗ ಬಿಚ್ಚಬೇಡ ಅಂತ ಹೇಳಿ ಮೇಡಂ. ಅವನಿಗೆ ಆತುರ ಜಾಸ್ತಿ."

ಮೇಡಂ ಫೋನು ಕೈಗೆತ್ತಿಕೊಂಡು ಫೋರ್‌ಮನ್‌ನ ನಂಬರು ಒತ್ತಿದರು.