ಕರಿ ಎರಡು

ಚೀಲದ ಜಿಪ್ ಪೂರ್ತಿ ತೆಗೆಯುವ ಮೊದಲೇ ಜಾಸ್ಮೀನಳ ಕೈ ನಿಂತಿತು.

"ಚಾಚಾ, ಇದು ನನ್ನ ಗಿಟಾರ್ ಅಲ್ಲ."

ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಬ್ದುಲರೌಫರ ವಾದ್ಯಗಳ ಅಂಗಡಿ. ಶುಕ್ರವಾರ ಮಧ್ಯಾಹ್ನ. ರೌಫ್ ಸಾಹೇಬರು ಜುಮ್ಮಾ ನಮಾಜು ಮುಗಿಸಿ ಬಂದು, ಬಾಗಿಲಿಗೆ ಅಡ್ಡ ಇಟ್ಟಿದ್ದ ಸ್ಟೂಲನ್ನು ಆಗಷ್ಟೇ ಸರಿಸಿದ್ದರು. ಕನ್ನಡಕ ಏರಿಸಿ ನೋಡಿದರು. ಅದೇ ಬಿಳಿ ಬಣ್ಣ. ಅದೇ ಆಕಾರ. ಅದೇ ಚೀಲ.

"ಅದ ಐತಲ್ಲ ಬೇಟಿ."

"ಅಲ್ಲ. ನಾ ಆರಿಸಿದ್ದು ಹಳೇದು. ಇದು ಹೊಸಾದು."

ತಲೆನೋವು ಶುರುವಾದದ್ದೇ ಇಲ್ಲಿಂದ. ಲೋಕದ ಕಳ್ಳರೆಲ್ಲ ಹೊಸದನ್ನು ಒಯ್ದು ಹಳೆಯದನ್ನು ಬಿಟ್ಟು ಹೋಗುತ್ತಾರೆ. ಈ ಮಹಾಶಯ ಹಳೆಯದನ್ನು ಒಯ್ದು ಹೊಸದನ್ನು ಇಟ್ಟು ಹೋಗಿದ್ದ. ಠಾಣೆಗೆ ಹೋಗಿ ಇದನ್ನು ಹೇಳಿದರೆ ಯಾರು ಕೇಳುತ್ತಾರೆ?

* * *

ಯಾರೂ ಕೇಳಲಿಲ್ಲ. ಕಾನ್‌ಸ್ಟೇಬಲ್ ಮುದುಕಪ್ಪ ನಕ್ಕುಬಿಟ್ಟ.

"ಹಳೇದು ಹೋಗಿ ಹೊಸಾದು ಬಂದೈತಿ. ಲುಕ್ಸಾನು ಯಾರಿಗಾತವಾ? ಮನಿಗೆ ಹೋಗಿ ಪೇಢೆ ಹಂಚು."

ಜಾಸ್ಮೀನ ಹೋಗಲಿಲ್ಲ. ಬೆಂಚಿನ ಮೇಲೆ ಕುಳಿತಳು. ಪಿಎಸ್‌ಐ ಹೇಮಾವತಿ ಹೊರಗೆ ಬಂದಾಗಲೂ ಚೀಲ ತಬ್ಬಿಕೊಂಡು ಹಾಗೇ ಕುಳಿತಿದ್ದಳು.

"ಏನವಾ, ಎರಡರಾಗ ಏನು ಫರಕು?"

"ಇದರ ಕೊರಳಿನ ಅಂಚಿಗೆ ಬೆರಳು ಆಡಿಸ್ರಿ ಮೇಡಂ."

ಹೇಮಾವತಿ ಆಡಿಸಿದಳು. ತಂತಿಗಳ ಕೆಳಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ ತುದಿ ಚುಚ್ಚಿತು.

"ನಂದರಾಗ ಇವು ಸವದು ನುಣ್ಣಗ ಆಗಿದ್ವು. ಹಿಂದ ಹೆಬ್ಬೆರಳು ಇಡೋ ಕಡೆ ಪಾಲಿಶ್ ಹೋಗಿ ಕಟಿಗಿ ಕಾಣ್ತಿತ್ತು. ಯಾರೋ ಪ್ರೀತಿಲೆ ಬಾರಿಸಿದ್ದ ಗಿಟಾರ್ ರಿ ಅದು."

ಈ ಜಿಲ್ಲೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಕಷ್ಟ ಕೊಂಡವರಿಗೇ ಗೊತ್ತು. ಜಾಸ್ಮೀನ ಬೇಸಿಗೆಯಿಂದ ಅಲೆದಿದ್ದಳು. ಅವಳೂರು ಗಂಗಾವತಿಯ ಅಂಗಡಿಗಳಲ್ಲಿ ಅದು ಗೋಡೆಯ ಅಲಂಕಾರ, ಮುಟ್ಟಿದರೆ ಮುಖ ಗಂಟಿಕ್ಕುತ್ತಾರೆ. ಮೊಬೈಲಿನಲ್ಲಿ ತರಿಸೋಣವೆಂದರೆ, ಚಿತ್ರ ನೋಡಿ ಕೊರಳು ಕೈಗೆ ಕೂರುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಹೊಸದು ಮಿಂಚುತ್ತದೆ, ನುಡಿಯುವುದಿಲ್ಲ. ಹಳೆಯದು ಕೈಗೆ ಕೂತರೆ ಒಳಗಿನ ವೈರು ಸತ್ತಿರುತ್ತದೆ. ಸಾಕುಸಾಕಾಗಿ ಕೈಬಿಡುವ ಹೊತ್ತಿಗೆ ರೌಫರ ಅಂಗಡಿಯಲ್ಲಿ ಆ ಹಳೆಯ ಬಿಳಿ ಗಿಟಾರ್ ಸಿಕ್ಕಿತ್ತು. ಗುರುವಾರ ದುಡ್ಡು ಕೊಟ್ಟು, ಶುಕ್ರವಾರ ಒಯ್ಯುವೆನೆಂದು ಅಲ್ಲೇ ಇಟ್ಟಿದ್ದಳು. ಭಾನುವಾರ ಹುಬ್ಬಳ್ಳಿಯ ವಾದ್ಯವೃಂದವೊಂದರಲ್ಲಿ ಆಯ್ಕೆ. ಸ್ವಂತ ವಾದ್ಯ ಇಲ್ಲದವರು ಬರಲೇಬೇಡಿ ಎಂದಿದ್ದರು. ಬೇರೆಯವರದನ್ನು ಬೇಡಿ ತಂದು ಬಾರಿಸುವ ದಿನ ಮುಗಿಯಿತು ಅಂದುಕೊಂಡಿದ್ದಳು ಪಾಪ.

"ನಾಡದು ಇದನ್ನ ಒಯ್ದರ ಆಗಂಗಿಲ್ಲೇನು?"

"ಮಂದಿ ಚಪ್ಪಲಿ ಹಾಕ್ಕೊಂಡು ಓಡಿದಂಗ ಆಕ್ಕೈತ್ರಿ."

ಹೇಮಾವತಿ ಕುರ್ಚಿ ಎಳೆದುಕೊಂಡಳು. "ಅದರ ಮ್ಯಾಲ ಮತ್ಯಾರ ಕಣ್ಣಿತ್ತು?"

"ಕುಷ್ಟಗಿ ಆರ್ಕೆಸ್ಟ್ರಾದ ಗವಿಸಿದ್ದೇಶ ಅಂತ ಅದಾರ್ರಿ. ಹೋದ ವಾರ ಬಂದು, ಹಳೇದು ಅಂತ ಮೂಗು ಮುರದು ಹೋಗಿದ್ರಂತ."

ಮುದುಕಪ್ಪ ಜಾಸ್ಮೀನಳನ್ನು ಹೊರಗೆ ಕೂರಿಸಿ ಬಂದು ಫೋನು ಹಚ್ಚಿ, ಹೇಮಾವತಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ವಿಷಯ ಕೇಳಿ ಗವಿಸಿದ್ದೇಶನಿಗೆ ಸಿಟ್ಟು ಬಂತು.

"ನಾ ಅದನ್ನ ಮುಟ್ಟೇ ಇಲ್ರಿ. ಹೋದ ವಾರ ಗ್ವಾಡಿ ಮ್ಯಾಲ ನೋಡಿದ್ದಷ್ಟ. ಆ ಕರಿ ಎರಡು ನಮಗ ಹೊಂದಂಗಿಲ್ರಿ. ತಗೊಂಡು ಏನು ಮಾಡ್ಲಿ?"

ಅಷ್ಟರಲ್ಲಿ ಹೇಮಾವತಿಗೆ ಮೇಲಧಿಕಾರಿಯ ಕರೆ ಬಂದು ಒಳಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಮುದುಕಪ್ಪ ದೂರು ಬರೆದು ಠಸ್ಸೆ ಹೊಡೆದಿದ್ದ. ಕಳುವಾದ ಮಾಲು: ಕರಿ ಗಿಟಾರ್, ಎರಡು.

"ನಂದು ಬಿಳೀದು ಅಂತ ಹೇಳಿದೆನ್ರಿ. ಒಂದ ಒಂದು." ಜಾಸ್ಮೀನ ಒಳಗೆ ಬಂದು ಹಾಳೆಯ ಮೇಲೆ ಬೆರಳಿಟ್ಟಳು.

"ನೀ ಸಣ್ಣ ಹುಡುಗಿ. ಅವರು ಆರ್ಕೆಸ್ಟ್ರಾ ನಡಸೋರು. ತಿಳದೋರು ಹೇಳಿದ್ದು ಬರೀಬೇಕಾಕ್ಕೈತಿ."

ಹೇಮಾವತಿ ಹಣೆ ಒತ್ತಿಕೊಂಡಳು.

* * *

ಶನಿವಾರ ಬೆಳಿಗ್ಗೆ ಹೇಮಾವತಿ ರೌಫರನ್ನೇ ಹಿಡಿದಳು.

"ನಿಮ್ಮ ಅಂಗಡ್ಯಾಗ ಎರಡು ಕರಿ ಗಿಟಾರ್ ಇದ್ದುವಂತ. ಎಲ್ಲಿ ಹೋದ್ವು?"

"ಖುದಾನ ಆಣಿ ಮೇಡಂ, ನಾ ಇಲ್ಲೀತನಕ ಕರಿ ಗಿಟಾರ್ ತಂದಽ ಇಲ್ಲ."

ಗವಿಸಿದ್ದೇಶ, ರೌಫ್ ಇಬ್ಬರಲ್ಲಿ ಒಬ್ಬ ಸುಳ್ಳುಗಾರ. ರೌಫರೇ ಕದ್ದ ಮಾಲು ಕೈ ಬದಲಿಸುತ್ತಿರಬಹುದೆ? ಹೇಮಾವತಿ ಜೀಪು ಹತ್ತಿದಳು. ಅಳವಂಡಿಯಲ್ಲಿ ಕರಿ ಗಿಟಾರ್ ಇದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಬ್ಯಾಟರಿ ಹಾಕಿ ಆಡುವ ಮಕ್ಕಳ ಆಟಿಕೆ. ಗುಂಡಿ ಒತ್ತಿದರೆ ಬೆಕ್ಕಿನಂತೆ ಕೂಗಿತು. ತಳಕಲ್ಲಿನಲ್ಲಿ ಮತ್ತೊಂದು ಇತ್ತು. ಅದಕ್ಕೆ ತಂತಿಯೇ ಇರಲಿಲ್ಲ. ಮನೆಯವರು ಅದರ ಕೊರಳಿಗೆ ಬೀಗದ ಕೈ ಗೊಂಚಲು ತೂಗುಹಾಕಿದ್ದರು. ಬಿಸಿಲು, ಧೂಳು, ರಸ್ತೆಯ ತಗ್ಗು. ಮುದುಕಪ್ಪ ಹಿಂದೆ ಕೂತು ಯಲಬುರ್ಗಾಕ್ಕೂ ಹೋಗೋಣವೇನ್ರಿ ಎಂದಾಗ ಹೇಮಾವತಿಗೆ ಮೈ ಉರಿಯಿತು.

"ಸುಮ್ಮನ ಕೂಡ್ರಿ ಮುದುಕಪ್ಪ."

* * *

ಮಧ್ಯಾಹ್ನ ತಿರುಗಿ ಅದೇ ಅಂಗಡಿ. ಜಾಸ್ಮೀನ ಮೂಲೆಯಲ್ಲಿ ಮುಖ ಬಾಡಿಸಿಕೊಂಡು ಕುಳಿತಿದ್ದಳು. ಬೆಳಗಾದರೆ ಹುಬ್ಬಳ್ಳಿ. ರೌಫರು ಚಹಾ ತರಿಸಿದರು. ಯಾರೂ ಕುಡಿಯಲಿಲ್ಲ.

ಭಜನಾ ಮೇಳದವನೊಬ್ಬ ಹಾರ್ಮೋನಿಯಂ ಹೊತ್ತು ತಂದ.

"ಕರಿ ಎರಡು ಬೇಸೂರ ಆಗೈತ್ರಿ ಸಾಹೇಬ್ರ. ಸ್ವಲ್ಪ ನೋಡ್ರಿ."

ಹೇಮಾವತಿ ತಲೆ ಎತ್ತಿದಳು. "ಏನಂದಿ? ಯಾವ ಎರಡು ಕರಿ?"

"ಎರಡು ಕರಿ ಅಲ್ರಿ. ಕರಿ ಎರಡು." ಅವನು ಬಿಳಿ ಮನೆಗಳ ನಡುವಿನ ಎರಡನೆಯ ಕರಿ ಮನೆ ಒತ್ತಿ ತೋರಿಸಿದ. "ಇದು. ನಮ್ಮ ಮೇಳ ಹಾಡೋ ಶ್ರುತಿ."

ಹೇಮಾವತಿ ಎದ್ದೇ ನಿಂತಳು. ಅದು ಬಣ್ಣ ಅಲ್ಲ. ಲೆಕ್ಕವೂ ಅಲ್ಲ.

"ಜಾಸ್ಮೀನ, ನಿನ್ನ ಗಿಟಾರ್ ಯಾವ ಶ್ರುತಿಗಿತ್ತು?"

"ಎಲ್ಲಾ ಗಿಟಾರ್ ಬಿಳಿ ಮೂರಕ್ಕ ಇರ್ತಾವ್ರಿ. ಹುಬ್ಬಳ್ಳಿಯವರ ಶ್ರುತಿ ಕರಿ ಎರಡು. ಅದಕ್ಕ ನಾ ಗುರುವಾರ ಸಂಜಿಗೆ ಇಲ್ಲೇ ಕುಂತು ಆರೂ ತಂತಿ ಇಳಿಸಿ ಇಟ್ಟಿದ್ದೆ. ದಪ್ಪ ತಂತಿ ಮೀಟಿದರ ಕರಿ ಎರಡು ನುಡೀತಿತ್ತು."

"ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ರಿ. ಚಾಚಾ ಒಬ್ಬರ ಇದ್ರು."

"ನಾನೂ ಯಾರ ಮುಂದೂ ಹೇಳಿಲ್ರಿ," ಎಂದರು ರೌಫ್.

ಹೇಮಾವತಿ ಜೀಪಿನ ಕಡೆ ನಡೆದಳು. "ಬಾರವಾ. ಕುಷ್ಟಗಿಗೆ."

* * *

ಕುಷ್ಟಗಿಯ ಕಲ್ಯಾಣ ಮಂಟಪದಲ್ಲಿ ನಿಶ್ಚಿತಾರ್ಥ. ಸಂಜೆಯ ಕಾರ್ಯಕ್ರಮಕ್ಕೆ ಗವಿಸಿದ್ದೇಶನ ತಂಡ ಮೈಕು ಜೋಡಿಸುತ್ತಿತ್ತು. ಅವನ ಹೆಗಲಲ್ಲಿ ಬಿಳಿ ಗಿಟಾರ್ ತೂಗುತ್ತಿತ್ತು.

"ಇದು ನಂದ್ರಿ," ಎಂದ ಕೇಳುವ ಮೊದಲೇ. "ಹೊಸಾದು ತರಿಸೀನಿ."

"ಹೋದ ವಾರ ಗ್ವಾಡಿ ಮ್ಯಾಲ ನೋಡಿದ್ದಷ್ಟ ಅಂದ್ರಿ. ಹೌದಲ್ಲ?"

"ಹೌದ್ರಿ."

"ಆಗ ಅದು ಬಿಳಿ ಮೂರಕ್ಕಿತ್ತು. ಕರಿ ಎರಡಕ್ಕ ಇಳಿಸಿದ್ದು ಗುರುವಾರ ಸಂಜಿಗೆ. ಶುಕ್ರವಾರ ಬಾಗಲಕ್ಕ ಸ್ಟೂಲು ಇಟ್ಟು ರೌಫ್ ಸಾಹೇಬರು ನಮಾಜಿಗೆ ಹೋಗ್ತಾರ, ಊರಿಗೇ ಗೊತ್ತು. ಗಿಟಾರ್ ಮುಟ್ಟದ ನಿಮಗ ಅದರ ಶ್ರುತಿ ಹೆಂಗ ತಿಳೀತು?"

ಗವಿಸಿದ್ದೇಶ ಹೆಗಲಿನಿಂದ ಗಿಟಾರ್ ಕೆಳಗಿಳಿಸಿದ. ಹೊಂದುವುದಿಲ್ಲ ಎಂದು ಸುಳ್ಳು ಹೇಳುವ ಅವಸರದಲ್ಲಿ, ಕಿವಿ ಕೇಳಿದ್ದನ್ನು ನಾಲಿಗೆ ಆಡಿಬಿಟ್ಟಿತ್ತು.

ಜಾಸ್ಮೀನ ಗಿಟಾರಿನ ಕೊರಳ ಹಿಂದೆ ಕೈಯಾಡಿಸಿದಳು. ಅಲ್ಲೊಂದು ಬಿಳಿ ಟೇಪು ಅಂಟಿಸಿದ್ದ. ಉಗುರಿನಿಂದ ಸುಲಿದಳು. ಸವೆದ ಕಟ್ಟಿಗೆ ಕಂಡಿತು. ಅವಳ ಕಣ್ಣು ತುಂಬಿತು.

"ನನ್ನ ಹೊಸಾದು ಕೊಟ್ಟು ಬದ್ಲಿ ಕೇಳಬೇಕಂತ ಹೋಗಿದ್ದೆ ಮೇಡಂ," ಗವಿಸಿದ್ದೇಶ ಗೊಣಗಿದ. "ಅಂಗಡ್ಯಾಗ ಯಾರೂ ಇರಲಿಲ್ಲ. ಒಂದು ತಂತಿ ಮೀಟಿದೆ. ಆ ದನಿ ಕೇಳಿದ ಮ್ಯಾಲ ಬಿಡಾಕ ಮನಸ ಆಗಲಿಲ್ಲ. ಹೊಸಾದು ಇಟ್ಟು ಬಂದೀನಲ್ರಿ, ಕಳವು ಹೆಂಗಾತು?"

"ಕೇಳದ ಒಯ್ದದ್ದು ಕಳವು. ಆಕಿ ಬೇಸಗಿಯಿಂದ ಹುಡುಕಿದ್ದನ್ನ ಒಂದು ನಮಾಜಿನ ಹೊತ್ತಿನ್ಯಾಗ ಒಯ್ದೀರಿ. ನಡೀರಿ."

ಜಾಸ್ಮೀನ ಗಿಟಾರನ್ನು ಎದೆಗೊತ್ತಿಕೊಂಡಳು. ಮುದುಕಪ್ಪ ಕೈ ಚಾಚಿದ.

"ಹಂಗ ಒಯ್ಯಾಕ ಬರಂಗಿಲ್ಲವಾ. ಜಪ್ತಿ ಆಗಬೇಕು. ಆಮ್ಯಾಲ ಕೋರ್ಟಿನಿಂದ ಬಿಡಿಸ್ಕೋ."

"ನಾಳೆ ಭಾನುವಾರರಿ," ಅಂದಳು ಜಾಸ್ಮೀನ. ಸಿಕ್ಕಿದ್ದು ಸಿಕ್ಕ ಕೈಯಿಂದಲೇ ಜಾರುತ್ತಿತ್ತು.

ಹೇಮಾವತಿ ಇಬ್ಬರ ನಡುವೆ ಬಂದು ನಿಂತಳು.

"ಮುದುಕಪ್ಪ, ಕಳುವಾದ ಮಾಲು ಏನಂತ ಬರದೀರಿ?"

ಅವನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ. "ಕರಿ ಗಿಟಾರ್, ಎರಡು."

"ಇದು ಯಾವ ಬಣ್ಣ?"

"ಬಿಳೀದ್ರಿ."

"ಎಷ್ಟದಾವ?"

"ಒಂದ್ರಿ."

"ಹಂಗಾರ ನಮ್ಮ ಮಾಲು ಇನ್ನೂ ಸಿಕ್ಕಿಲ್ಲ. ಇದನ್ನ ನಾ ಹೆಂಗ ಜಪ್ತಿ ಮಾಡ್ಲಿ?" ಅವಳು ಜಾಸ್ಮೀನಳ ಕಡೆ ತಿರುಗಿದಳು. "ಸೋಮವಾರ ಗಿಟಾರ್ ತಗೊಂಡು ಠಾಣಾಕ್ಕ ಬಾ. ದೂರು ತಿದ್ದಿ ಬರಸೋಣ. ಅಲ್ಲೀತನಕ ಅದು ನಿನ್ನ ಕೈಯಾಗಿರಲಿ."

ಜಾಸ್ಮೀನ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ಕಿವಿ ಹಚ್ಚಿ ಕೇಳಿದಳು. ಶ್ರುತಿ ಕದಲಿರಲಿಲ್ಲ.