ತೂತಿಲ್ಲದ ಟಿವಿ

ಆರಿಸಿ ತಂದವನಿಗೇ ನೋಡುವ ಭಾಗ್ಯ ಇಲ್ಲವೆಂದ ಮೇಲೆ, ಆ ವಸ್ತುವನ್ನು ಎತ್ತಿಕೊಂಡು ಹೋಗುವುದು ಕಳವು ಹೇಗಾದೀತು? ಸಂಶಿಯ ಹೈಸ್ಕೂಲಿನ ಸ್ಟೋರ್ ರೂಮಿನಲ್ಲಿ, ಹರಿದ ಭೂಪಟಗಳ ಪಕ್ಕ ಧೂಳು ತಿನ್ನುತ್ತಿದ್ದ ರಟ್ಟಿನ ಡಬ್ಬಿಯ ಎದುರು ನಿಂತು ಈರಬಸಪ್ಪ ಮಾಸ್ತರರು ಈ ತೀರ್ಮಾನಕ್ಕೆ ಬಂದರು. ಬಂದ ಮೇಲೆ ಮನಸ್ಸು ಹಗುರಾಯಿತು.

ಡಬ್ಬಿಯಲ್ಲಿದ್ದದ್ದು ಬಣ್ಣದ ಮಾನಿಟರು. ಶಾಲೆಗೆ ಕಂಪ್ಯೂಟರು ತರುವುದೆಂದು ಆದಾಗ, ಗಣಿತ ಕಲಿಸುವವರು ಎಂಬ ಒಂದೇ ತಪ್ಪಿಗೆ ಪರದೆ ಆರಿಸುವ ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ಇಡೀ ದಿನ ಕೂತು ನೋಡಿದರು. ಹಸಿರು ಪರದೆಯಲ್ಲಿ ಅಕ್ಷರಗಳು ಕೊರೆದಿಟ್ಟಂತೆ ಮೂಡುತ್ತಿದ್ದವು, ಕಣ್ಣಿಗೂ ತಂಪು. ಅಂಕಪಟ್ಟಿ, ಪಗಾರದ ಬಿಲ್ಲು ಮಾಡಲು ಅದೇ ಸರಿ. ಬಣ್ಣದ್ದರಲ್ಲಿ ಸಣ್ಣ ಅಕ್ಷರಗಳ ಅಂಚು ಕಲಸಿಹೋಗುತ್ತಿತ್ತು. ಆದರೆ ಅಂಗಡಿಯವನು ಅದಕ್ಕೊಂದು ಆಟ ಹಚ್ಚಿಕೊಟ್ಟ. ನೀಲಿ ಬಯಲಿನಲ್ಲಿ ಕೆಂಪು ಹಕ್ಕಿಯೊಂದು ಹಳದಿ ಕಾಳು ಹೆಕ್ಕುತ್ತ ಹೋಗುತ್ತಿತ್ತು. ಒಂದೊಂದು ಕಾಳಿಗೂ ಟಿಣ್ ಎಂಬ ಸದ್ದು. ಹೆಂಡತಿ ಶಿವಗಂಗವ್ವ ತೀರಿಕೊಂಡ ಮೇಲೆ ಮಾಸ್ತರರು ಮಾಡಿದ ಯಾವ ಕೆಲಸಕ್ಕೂ ಯಾರೂ ಹೀಗೆ ಓಗೊಟ್ಟಿರಲಿಲ್ಲ. ದೊಡ್ಡ ಅಕ್ಷರ ಇಟ್ಟುಕೊಂಡರೆ ಕೆಲಸಕ್ಕೂ ಆದೀತು, ಆಟಕ್ಕೂ ಆದೀತು ಎಂದು ವಾದಿಸಿ ಬಣ್ಣದ್ದನ್ನೇ ತರಿಸಿದರು.

ಕೆಲವೇ ತಿಂಗಳು. ಒಂದು ದಿನ ಹೆಡ್ ಮಾಸ್ತರ ಕುಬೇರಪ್ಪನವರು ಯಾರನ್ನೂ ಕೇಳದೆ ಅದನ್ನು ಡಬ್ಬಿಗೆ ತುಂಬಿಸಿ, ಹಸಿರು ಪರದೆ ತರಿಸಿ ಕೂರಿಸಿಬಿಟ್ಟರು.

“ಅಕ್ಷರ ಚಂದಾಗಿ ಕಾಣೂದಿಲ್ರಿ ಅದರಾಗ. ಆಟದ ಸಾಮಾನು ಸಾಲಿಗ್ಯಾಕ ಬೇಕು?” ಎಂದರು, ಮಾಸ್ತರರ ಮುಖ ನೋಡದೆ.

ಇಡೀ ಸ್ಟಾಫ್ ರೂಮಿನ ಎದುರು ಮೂಗು ಕೊಯ್ದಂತಾಯಿತು. ಮಾಸ್ತರರು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದರು. ಮಾತಾಡುವ ರೂಢಿಯೇ ತಪ್ಪಿಹೋಗಿತ್ತು. ಕುಬಿಹಾಳದ ಅವರ ಮನೆಯಲ್ಲಿ ಸಂಜೆ ಎಂದರೆ ಸ್ಟೋವಿನ ಸದ್ದು, ಅದು ಆರಿದರೆ ಅದೂ ಇಲ್ಲ. ಊರವರು ಕೆಟ್ಟವರೇನಲ್ಲ. ಶಿವಗಂಗವ್ವ ಹೋದ ಹೊಸದರಲ್ಲಿ ಬಾಜೂಮನೆಯ ಗೌಸಬಿ ದಿನಾ ರೊಟ್ಟಿ ಪಲ್ಯ ತಂದು ಕೊಡುತ್ತಿದ್ದಳು. ದುಃಖದಲ್ಲಿದ್ದ ಮಾಸ್ತರರು ಒಂದು ದಿನ, “ನನಗ ಯಾರ ಹಂಗೂ ಬ್ಯಾಡವಾ” ಎಂದುಬಿಟ್ಟರು. ಅವಳು ತಾಟು ತೆಗೆದುಕೊಂಡು ಹೋದವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಓಣಿಯವರೂ ಅಷ್ಟೇ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಗಣಿತದ ಮಾಸ್ತರರಿಗೆ ಹೊಳೆಯಲಿಲ್ಲ.

ಈಗ ಆ ಒಂಟಿತನವೇ ಅವರ ಬಂಡವಾಳವಾಯಿತು. ಯಾರೂ ಕಾಲಿಡದ ಮನೆಯಲ್ಲಿ ಏನಿದ್ದರೇನು?

ಲೆಕ್ಕ ಬಿಡಿಸಿದಂತೆ ಒಂದೊಂದೇ ಹೆಜ್ಜೆ ಯೋಚಿಸಿದರು. ಡಬ್ಬಿ ಇದ್ದಲ್ಲಿಯೇ ಇರಬೇಕು, ಅದರ ಭಾರವೂ ಇರಬೇಕು. ಶಾಲೆಯ ಸಿಪಾಯಿ ಮಡಿವಾಳೆಪ್ಪ ಕಸ ಹೊಡೆಯುವಾಗ ಅದನ್ನು ಸರಿಸುತ್ತಾನೆ. ಹತ್ತಿಕಾಳು ತುಂಬಿದರೆ ಇಲಿ ಬಂದು ಗುಟ್ಟು ಬಯಲು ಮಾಡುತ್ತದೆ. ಹಾಗಾಗಿ ಒಡೆದ ಹಂಚಿನ ಚೂರು, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಇಲಿ ಎಂದೂ ಹಂಚು ತಿಂದಿಲ್ಲ.

ಆಡಲು ಕಂಪ್ಯೂಟರೂ ಬೇಕಲ್ಲ? ಅದಕ್ಕೆ ಮಾಸ್ತರರು ತಮ್ಮಷ್ಟಕ್ಕೆ ನಕ್ಕರು. ನಿಜವಾದ ಕಂಪ್ಯೂಟರು ಎಂದರೆ ಕೀಲಿಗಳಿರುವ ಆ ಚಪ್ಪಟೆ ಪೆಟ್ಟಿಗೆ. ಅದು ಕೈಚೀಲದಲ್ಲಿ ಹಿಡಿಸುತ್ತದೆ. ಆದರೆ ಶಾಲೆಯಲ್ಲಿ ಸಕಲರೂ ಗಾಜಿನ ಪರದೆಯನ್ನೇ ಕಂಪ್ಯೂಟರು ಎಂದು ನಂಬಿದ್ದರು. ಮಡಿವಾಳೆಪ್ಪ ಮುಂಜಾನೆ ಊದುಬತ್ತಿ ಬೆಳಗುವುದೂ ಪರದೆಗೇ, ವಿಭೂತಿ ಹಚ್ಚುವುದೂ ಪರದೆಗೇ. ಶನಿವಾರ ಶಾಲೆ ಬಿಟ್ಟ ಮೇಲೆ ಪೆಟ್ಟಿಗೆಯನ್ನು ಚೀಲಕ್ಕಿಳಿಸಿ, ಪರದೆಯ ಮೇಲೆ ಬಟ್ಟೆ ಹೊದಿಸಿ ಹೋದರೆ ಸೋಮವಾರದ ತನಕ ಕಂಪ್ಯೂಟರು ಇದ್ದಲ್ಲೇ ಇದ್ದಂತೆ. ಎಂಥ ಮುಗ್ಧ ಜನ! ಒಂದು ವಸ್ತುವನ್ನು ಇನ್ನೊಂದೆಂದು ತಿಳಿಯುವವರ ನಡುವೆ ತಾನೊಬ್ಬನೇ ಬಲ್ಲವ ಎನಿಸಿ ಅವರಿಗೆ ಖುಷಿಯಾಯಿತು.

ಇನ್ನು ಸಾಗಾಣಿಕೆ. ರಾತ್ರಿ ಹೊರಟವನನ್ನು ನಾಯಿಯೂ ಕೇಳುತ್ತದೆ. ಹಾಡಹಗಲೇ, ಬಸ್ಸಿನಲ್ಲೇ, ಕೌದಿಯಲ್ಲಿ ಸುತ್ತಿ ಒಯ್ಯಬೇಕು. ಯಾರಾದರೂ ಕೇಳಿದರೆ ಟಿವಿ ಎನ್ನಬೇಕು. ಪಗಾರದ ಮಾಸ್ತರ ಟಿವಿ ಕೊಂಡರೆ ಅದು ಅಪರಾಧವಲ್ಲ. ಇಡೀ ಯೋಜನೆಯಲ್ಲಿ ಅವರಿಗೆ ಬಹಳ ಮೆಚ್ಚಿಗೆಯಾದದ್ದು ಈ ಮಾತೇ.

ಎಣಿಸಿದಂತೆಯೇ ನಡೆಯಿತು. ಕಂಡಕ್ಟರನೇ ಕೈ ಹಚ್ಚಿ ಮೇಲೆತ್ತಿದ. “ಏನ್ರಿ ಮಾಸ್ತರ್ರ, ಇಷ್ಟು ಭಾರ?” ಎಂದ.

“ಟಿವಿ ಪಾ. ಸಾವಕಾಶ ಇಡು.”

ಮಾನಿಟರು ಮನೆಯ ಗೂಡಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿತು. ಶನಿವಾರ ಬಂತೆಂದರೆ ಕೆಂಪು ಹಕ್ಕಿ ಕಾಳು ಹೆಕ್ಕತೊಡಗಿತು. ಮೊದಮೊದಲು ಮಾಸ್ತರರು ಊಟ ಮರೆತು ಆಡಿದರು. ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ, ಯಾರೂ ಕೇಳಲಿಲ್ಲ. ಆದರೆ ಒಂದು ಸಂಜೆ ಹಕ್ಕಿ ಹಿಂದೆಂದೂ ದಾಟದ ಬಯಲು ದಾಟಿದಾಗ, “ನೋಡಿದೇನ?” ಎಂದು ತಿರುಗಿದರು. ಹಿಂದೆ ಖಾಲಿ ಮಂಚವಿತ್ತು. ಆಮೇಲೆ ಆ ಟಿಣ್ ಸದ್ದು ಮನೆಯ ಮೌನವನ್ನು ಇನ್ನಷ್ಟು ಹೆಚ್ಚಿಸಿತು. ಗೆದ್ದರೂ ಹೇಳಿಕೊಳ್ಳಲು ಒಬ್ಬರಿಲ್ಲ ಎಂಬುದು ಸೋತದ್ದಕ್ಕಿಂತ ಹೆಚ್ಚು ನೋಯುತ್ತಿತ್ತು.

ಅಷ್ಟರಲ್ಲಿ ಕಂಡಕ್ಟರನ ಬಾಯಿಂದ ಸುದ್ದಿ ಊರೂರು ತಿರುಗಿ ಓಣಿಗೆ ಬಂತು. ಗೌಸಬಿ ಗೋಡೆಯಾಚೆಯಿಂದ ಅಳುಕುತ್ತ ಕೂಗಿದಳು: “ಮಾಸ್ತರ್ರ, ಟಿವಿ ತಂದೀರಂತಲ್ರಿ? ಐತ್ವಾರ ಮುಂಜಾನೆ ದೇವರ ಕತಿ ಬರ್ತೈತಂತ. ಬಾಗಲ್ದಾಗ ಕುಂತು ನೋಡಿ ಹೋಗ್ತೀನ್ರಿ, ಒಳಗ ಬರೂದಿಲ್ಲ.”

ಇದಕ್ಕೂ ಮಾಸ್ತರರು ಉತ್ತರ ಸಿದ್ಧ ಮಾಡಿಟ್ಟಿದ್ದರು: ಟಿವಿ ಕೆಟ್ಟೈತಿ. ಆದರೆ ‘ಒಳಗ ಬರೂದಿಲ್ಲ’ ಎಂಬ ಮಾತು ಎದೆಗೆ ನಾಟಿತು. “ಬಾಗಲ್ದಾಗ ಯಾಕವಾ ಗೌಸಬಿ, ಒಳಗ ಬಾ. ಓಣಿಯವ್ರನ್ನೆಲ್ಲಾ ಕರ್ಕೊಂಡು ಬಾ” ಎಂದುಬಿಟ್ಟರು.

ಮರುದಿನ ಶಾಲೆಯಲ್ಲಿ ಕುಬೇರಪ್ಪನವರು ಪೇಢೆ ಕೇಳಿದರು. “ನಮ್ಮ ಅವ್ವನ್ನೂ ಕರ್ಕೊಂಡು ಬರ್ತೀನ್ರಿ. ದೇವರ ಕತಿ ಅಂದ್ರ ಜೀವಾ ಬಿಡ್ತಾಳ” ಎಂದರು. ಮಾಸ್ತರರು ಪೇಢೆಗೆಂದು ದುಡ್ಡು ತೆಗೆದು ಕೊಟ್ಟರು. ಆಮೇಲೆ ಲೆಕ್ಕ ಹಾಕಿದರು. ಹಿಂದೆ ಅಂಟಿಸಿದ ಶಾಲೆಯ ಹೆಸರಿನ ಚೀಟಿ ಕಿತ್ತರೆ ಎಲ್ಲ ಪರದೆಗಳೂ ಒಂದೇ. ಸ್ಟೋರ್ ರೂಮಿನಲ್ಲಿದೆ ಎಂದು ನಂಬಿದ ವಸ್ತುವನ್ನು ಕುಬಿಹಾಳದಲ್ಲಿ ಯಾರು ಗುರುತಿಸುತ್ತಾರೆ? ಕದ್ದ ಮಾಲಿನ ಎದುರು ಒಡೆಯನನ್ನೇ ಕೂರಿಸಿ ಚಹಾ ಕೊಡುವ ಕಳ್ಳನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಆಂಟೆನಾ ಸಿಗಿಸಿದರೆ ಈ ಪರದೆಯೂ ಟಿವಿಯೇ ಎಂದುಕೊಂಡು ಆ ವಾರವೇ ಹುಬ್ಬಳ್ಳಿಗೆ ಹೋಗಿ ಆಂಟೆನಾ ತಂದರು.

ಭಾನುವಾರ ಹೊತ್ತೇರುವ ಮುನ್ನವೇ ಮನೆ ಸಾರಿಸಿದರು. ಕೀಲಿಗಳ ಪೆಟ್ಟಿಗೆ ಜೋಳದ ಚೀಲದೊಳಗೆ ಸೇರಿತು. ಗೌಸಬಿಯ ಮಗ ಇಮಾಮುದ್ದೀನ ಮಾಳಿಗೆ ಹತ್ತಿ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟತೊಡಗಿದ. ಓಣಿಯವರು ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಒತ್ತೊತ್ತಾಗಿ ಕೂತರು. ಕುಬೇರಪ್ಪನವರ ತಾಯಿ ರೇವವ್ವ ಪರದೆಗೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಕೈಮುಗಿದಳು. ಎದುರುಮನೆಯ ಮಹಾದೇವಕ್ಕ ಒಲೆ ಹಚ್ಚಿ, ಕೇಳದೆಯೇ ಎಲ್ಲರಿಗೂ ಚಹಾ ಇಟ್ಟಳು. “ಶಿವಗಂಗವ್ವ ಇರಬೇಕಾಗಿತ್ತು ನೋಡ್ರಿ” ಎಂದಳು. ಆ ಹೆಸರನ್ನು ಮನೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳಿ ಎಷ್ಟು ವರ್ಷವಾಗಿತ್ತೋ! ಮಾಸ್ತರರು ತಾವೇ ಎದ್ದು ಚಹಾದ ಕಪ್ಪುಗಳನ್ನು ಹಂಚತೊಡಗಿದರು. ತಾವು ಕಳ್ಳ ಎಂಬುದು ಆ ಹೊತ್ತಿಗೆ ಅವರಿಗೆ ನೆನಪೇ ಇರಲಿಲ್ಲ.

ಇಮಾಮುದ್ದೀನ ಕಿಟಕಿಯಿಂದ ವಾಯರು ಇಳಿಬಿಟ್ಟ: “ಸಿಗಸ್ರಿ ಸರ, ಚಾಲೂ ಆಗೂ ಹೊತ್ತಾತು!” ಮಾಸ್ತರರು ಗತ್ತಿನಿಂದ ಪರದೆಯನ್ನು ತಿರುಗಿಸಿ ವಾಯರಿನ ತುದಿ ಹಿಡಿದರು. ಹಿಂದೆ ಕಂಪ್ಯೂಟರಿನ ವಾಯರು ಸೇರುವ ಒಂದು ದುಂಡು ತೂತು, ಕರೆಂಟಿನ ವಾಯರು, ಅಷ್ಟೇ. ಕೈಯಾಡಿಸಿದರು, ಮತ್ತೆ ಕೈಯಾಡಿಸಿದರು. ಆಂಟೆನಾ ಸಿಗಿಸುವ ಜಾಗವೇ ಇರಲಿಲ್ಲ. ನೆರವಿಗೆಂದು ಬಗ್ಗಿದ ಕುಬೇರಪ್ಪನವರು ಬಗ್ಗಿದಲ್ಲೇ ನಿಂತರು. ಬಹಳ ಹೊತ್ತು ಆ ದುಂಡು ತೂತನ್ನೇ ನೋಡಿದರು. ಆಮೇಲೆ ತಾಯಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದರು: “ಕ್ರಿಕೆಟ್ ಮ್ಯಾಚ್ ಇದ್ದಾಗ, ಸಾಲಿ ಬಿಟ್ಟ ಮ್ಯಾಲ, ನಾನೂ ಹಿಂಗ ಒಂದು ವಾಯರ್ ಹಿಡಕೊಂಡು ತೂತು ಹುಡುಕಿದ್ನಿರಿ, ಮಾಸ್ತರ್ರ. ಸಿಗಲಿಲ್ಲ. ಅಕ್ಷರದ ಮಾತೆಲ್ಲಾ ನೆಪ. ಸಿಟ್ಟಿಗೆದ್ದು ಡಬ್ಬಿಗೆ ತುಂಬಿದೆ. ಆಂಟೆನಾ ತೂತಿಲ್ಲದ ಬಣ್ಣದ ಟಿವಿ ಈ ತಾಲೂಕಿನ್ಯಾಗ ಒಂದ ಐತ್ರಿ.”