ಮಾನ್ವಿಯಿಂದ ದೂರು ಬರಲಿಲ್ಲ

"ಹೊರಗ ನಡೀರಿ! ಎಲ್ಲಾರೂ ಹೊರಗ!"

ಆರು ತಿಂಗಳ ಮೇಲೆ ಕಂಡ ಹುಡುಗಿಗೆ ಯಾವ ಗಂಡಸೂ ಮೊದಲ ಮಾತಾಗಿ ಇದನ್ನು ಹೇಳಬಾರದು. ಮಷಿನ್ ರಿಪೇರಿಯ ವಲಿ ಪಾಷಾ ಹೇಳಿದ. ರಾಯಚೂರಿನಿಂದ ಮಾನ್ವಿಯವರೆಗೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವನು ಬೇರೆಯೇ ಮಾತು ಕಟ್ಟಿಕೊಂಡು ಬಂದಿದ್ದ. 'ಆರಾಮ ಅದೀರೇನು?' ಎಂದು ಶುರು ಮಾಡುವುದು, ಸ್ವಲ್ಪ ನಗುವುದು, ಆಮೇಲೆ... ಆಮೇಲಿನದು ಇನ್ನೂ ಹೊಳೆದಿರಲಿಲ್ಲ. ಈಗ ಕಟ್ಟಿಕೊಂಡದ್ದೂ ಗಾಳಿಗೆ ಹೋಯಿತು.

ಮಾನ್ವಿ ಆಸ್ಪತ್ರೆಯ ಆಪರೇಷನ್ ಕೋಣೆಯ ಪಕ್ಕದ ಇಕ್ಕಟ್ಟಿನ ಕೋಣೆಯಲ್ಲಿ ಸ್ಟೆರಿಲೈಸರ್ ಇತ್ತು. ಕತ್ತರಿ, ಚಾಕು, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ, ನೀರೊಲೆಯ ಹಂಡೆಯಂಥ ದೊಡ್ಡ ಮಷಿನ್. ಅದರ ಮುಳ್ಳು ಕೆಂಪು ಗೆರೆ ದಾಟಿ ಮುಂದೆ ಹೋಗಿತ್ತು. ಇಷ್ಟು ಹೊತ್ತಿಗೆ ಮೇಲಿನ ವಾಲ್ವ್ ತಾನಾಗಿಯೇ ತೆರೆದು ಹೆಚ್ಚಿನ ಹಬೆಯನ್ನು ಹೊರಗೆ ಬಿಡಬೇಕಿತ್ತು. ಬಿಟ್ಟಿರಲಿಲ್ಲ. ಯಾರೋ ವಾಲ್ವಿನ ಹಿಡಿಯನ್ನು ಕೆಳಗೆ ಎಳೆದು, ದರ್ಗಾದ ಹರಕೆಯ ಕೆಂಪು ದಾರ ಸುತ್ತಿ, ಅದರ ಮೇಲೆ ಗಾಯಕ್ಕೆ ಕಟ್ಟುವ ಹಾಗೆ ಬ್ಯಾಂಡೇಜು ಬೇರೆ ಬಿಗಿದಿದ್ದರು.

ಮಷಿನ್ ಪಕ್ಕದಲ್ಲೇ ಮುದುಕಿ ಆಯಾ ಖಾಸಿಂ ಬೀ ಬಟ್ಟೆ ಮಡಚುತ್ತ ನಿಂತಿದ್ದಳು. ಅವಳಿಗೆ ಏನೂ ಅರ್ಥವಾಗಲಿಲ್ಲ. ಆ ಹುಡುಗಿ, ಸಿಸ್ಟರ್ ಜಾಹೆದಾ, ಓಡಿಬಂದು ಅವಳ ರಟ್ಟೆ ಹಿಡಿದು ದರದರನೆ ಹೊರಗೆ ಎಳೆದಳು. ವಲಿ ಪಾಷಾ ಮೇನ್ ಸ್ವಿಚ್ ಇಳಿಸಿದ. ಹಸಿ ಟವೆಲ್ಲನ್ನು ಕೈಗೆ ಸುತ್ತಿಕೊಂಡು, ಗೋಡೆಗೆ ಅಂಟಿ ನಿಂತು, ತೋಳು ಚಾಚಿ ಕಟಿಂಗ್ ಪ್ಲೇಯರಿನಿಂದ ಬ್ಯಾಂಡೇಜನ್ನೂ ದಾರವನ್ನೂ ಒಟ್ಟಿಗೆ ಕತ್ತರಿಸಿದ. ಹಬೆ ಭೋರೆಂದು ಚಾವಣಿಗೆ ಹೊಡೆಯಿತು. ಕೋಣೆಯೆಲ್ಲ ಬೆಳ್ಳಗಾಯಿತು. ವರಾಂಡದಲ್ಲಿ ಯಾರೋ ಯವ್ವಾ ಎಂದು ಕಿರುಚಿದರು.

ಮುಳ್ಳು ಇಳಿಯಿತು. ಅವನಿಗೆ ಕೆಲಸ ಕಲಿಸಿದ ಉಸ್ತಾದ ಗುಲಾಮ್ ದಸ್ತಗೀರ್ ಹೀಗೇ ಒಂದು ಬಾಯ್ಲರ್ ಒಡೆದು ಒಂದು ಕಣ್ಣು ಕಳೆದುಕೊಂಡಿದ್ದರು. ಅಂದಿನಿಂದ ವಲಿ ಪಾಷಾನಿಗೆ ಹೆದರಿಕೆ ಬಂದರೆ ಅದು ಸಿಟ್ಟಾಗಿಯೇ ಬರುತ್ತಿತ್ತು.

"ಯಾರ್ರೀ ಈ ದಾರ ಕಟ್ಟಿದ್ದು?" ತುಂಡು ದಾರ ಹಿಡಿದು ವರಾಂಡಕ್ಕೆ ಬಂದ. ಡಾಕ್ಟರ್ ಪಾರ್ವತೆಮ್ಮ, ಖಾಸಿಂ ಬೀ, ರೋಗಿಗಳ ಕಡೆಯವರು, ಎಲ್ಲರೂ ಸುತ್ತ ನೆರೆದರು.

ಜಾಹೆದಾ ದಾರ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ದಾರ ನಂದ," ಎಂದಳು.

"ನಿಮ್ದು?" ಅವನಿಗೆ ನಂಬಿಕೆಯಾಗಲಿಲ್ಲ. "ಈ ವಾಲ್ವ್ ಯಾಕದ, ಏನು ಮಾಡ್ತದ ಅಂತ ಎರಡು ವರ್ಷದಿಂದ ಹೇಳೀನಿ. ಕುರಿಗಿ ಹೇಳಿದ್ರೂ ತಿಳೀತಿತ್ತು! ಇನ್ನೊಂದು ಚೂರು ತಡಾ ಆಗಿದ್ರ ಈ ಮುದುಕಿ ಇರ್ತಿದ್ಲೇನು?"

ಅವಳು ಕಣ್ಣೆತ್ತಿ ಅವನನ್ನು ಒಮ್ಮೆ ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ಸಲ ಇದೇ ಕಣ್ಣು, ಅವನು ಮೂಗಿಗೆ ಗ್ರೀಸ್ ಬಳಿದುಕೊಂಡು ಓಡಾಡುವುದನ್ನು ಬಹಳ ಹೊತ್ತು ಹೇಳದೆ ನೋಡಿ ನಕ್ಕಿತ್ತು. ಈಗ ಅದರಲ್ಲಿ ನೀರು ತುಂಬಿತ್ತು. ಅವಳು ತಿರುಗಿ ಹೆರಿಗೆ ವಾರ್ಡಿಗೆ ಹೋದಳು.

ಪಾರ್ವತೆಮ್ಮ ಅವನನ್ನು ಪಕ್ಕಕ್ಕೆ ಕರೆದರು. "ಪಾಷಾ, ಚೀಕಲಪರ್ವಿ ಹೆಣ್ಣುಮಗಳು ಒಳಗ ಒದ್ದಾಡಾಕತ್ತಾಳ. ಕೂಸು ಅಡ್ಡ ಅದ. ಮೊದಲು ಮಷಿನ್ ಚಾಲೂ ಮಾಡಿ ಕೊಡ್ರಿ. ಆಮ್ಯಾಲ ಇದರ ರಿಪೋರ್ಟ್ ಬರೀರಿ."

"ರಿಪೋರ್ಟ್ ಬರದ್ರ ಸಿಸ್ಟರ್‌ಗ...?"

"ನೌಕರಿ ಹೋಗ್ತದ. ಬರೀದಿದ್ರ ನನ್ನ ಕುತ್ತಿಗಿಗಿ ಬರ್ತದ. ಏನು ಮಾಡ್ಲಿ, ನೀವ ಹೇಳ್ರಿ."

ಅವನೇನು ಹೇಳಿಯಾನು? ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಆಸ್ಪತ್ರೆ ನಡೆಸುವ ಸೇವಾ ಮಂಡಳಿಗೆ ಅವನು ಸೀನಿಯರ್ ಟೆಕ್ನಿಷಿಯನ್. ಕಂಡದ್ದನ್ನು ಕಂಡ ಹಾಗೆ ಬರೆಯುವವನು ಎಂದೇ ಹೆಸರು ಮಾಡಿದ್ದ. ಇನ್ನೊಂದು ನೇಮವೂ ಇತ್ತು ಅವನಿಗೆ: ದೂರು ಬಾರದೆ ಯಾವ ಊರಿಗೂ ಹೋಗುತ್ತಿರಲಿಲ್ಲ. ಮಂಡಳಿಯ ಬಸ್ ಚಾರ್ಜು ಹರಾಮಿನದಲ್ಲ ಎನ್ನುತ್ತಿದ್ದ. ಆ ನೇಮವೇ ಈಗ ಅವನನ್ನು ಹುರಿದು ಮುಕ್ಕಿತ್ತು. ದೇವದುರ್ಗದ ಎಕ್ಸ್‌ರೇ ತಿಂಗಳಿಗೊಮ್ಮೆ ಕೆಡುತ್ತಿತ್ತು. ರಾಯಚೂರಿನ ಆಪರೇಷನ್ ದೀಪ ವಾರಕ್ಕೊಮ್ಮೆ ಕಣ್ಣು ಮುಚ್ಚುತ್ತಿತ್ತು. ಮಾನ್ವಿಯಿಂದ ಮಾತ್ರ ಒಂದು ಸುದ್ದಿ ಇಲ್ಲ. ಹೋದ ಸಲ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಳೆಂದು ಹುಮ್ಮಸ್ಸಿನಿಂದ ರಬ್ಬರು, ತಂತಿ, ಗಾಲಿ ಎಲ್ಲವನ್ನೂ ಅಷ್ಟು ಒಪ್ಪವಾಗಿ ಕೂಡಿಸಿ ಬಂದಿದ್ದ. ದಿನಾ ಬೆಳಿಗ್ಗೆ ದೂರುಗಳ ಕಟ್ಟು ತೆಗೆದಾಗೆಲ್ಲ ಮಾನ್ವಿಯ ಹೆಸರು ಕಾಣದೆ ತನ್ನ ಕೈಗೆ ತಾನೇ ಬೈದುಕೊಳ್ಳುತ್ತಿದ್ದ. ಕಡೆಗೂ ನಿನ್ನೆ ಪಾರ್ವತೆಮ್ಮನ ಫೋನು ಬಂತು: 'ಸ್ಟೆರಿಲೈಸರ್ ಸೀಟಿ ಹೊಡಿಯಾಕತ್ತದ, ನಿಲ್ಲವಲ್ದು.' ಅವನು ಖುಷಿಯಿಂದ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಿದ್ದ.

ಇನ್ನು ಆ ಅಂಗಿಯ ಗತಿ ಕೇಳಬೇಡಿ. ವಾಲ್ವ್ ಬಿಚ್ಚಿದ. ಒಳಗಿನ ಸ್ಪ್ರಿಂಗ್ ಸೋತಿತ್ತು, ಅದಕ್ಕೇ ಸೀಟಿ. ಹೊಸದು ಹಾಕಿ, ಹಬೆ ಏರಿಸಿ, ಕೆಂಪು ಗೆರೆಯಲ್ಲಿ ವಾಲ್ವ್ ತಾನಾಗಿಯೇ ತೆರೆಯುವುದನ್ನು ಒಂದಲ್ಲ ಎರಡು ಸಲ ನೋಡಿದ. ಸಾಮಾನುಗಳ ಡಬ್ಬಿ ತೆಗೆದುಕೊಳ್ಳಲು ಜಾಹೆದಾ ಬಂದಳು. ಅವಳ ಬೆರಳು ಅವನ ಬೆರಳಿಗೆ ತಾಗಿತು. ಅವಳು ನೋಡಲಿಲ್ಲ. ಅವನೂ ನೋಡಲಿಲ್ಲ. ನೋಡದೆ ಇರುವುದಕ್ಕೆ ಇಬ್ಬರೂ ಎಷ್ಟು ಕಷ್ಟಪಟ್ಟರೆಂದರೆ, ಡಬ್ಬಿ ಇನ್ನೇನು ನೆಲಕ್ಕೆ ಬೀಳುವುದರಲ್ಲಿತ್ತು.

"ಜಾಹೆದಾ..." ಎಂದ.

"ನನ್ನ ಹೆಸರು ರಿಪೋರ್ಟಿನ್ಯಾಗ ಬರೀರಿ. ಕರಿಯೋದು ಬ್ಯಾಡ," ಎಂದು ಅವಳು ಒಳಗೆ ಹೋದಳು.

ಮಧ್ಯಾಹ್ನ ಚೀಕಲಪರ್ವಿಯ ಕೂಸಿನ ಅಳು ವರಾಂಡದವರೆಗೆ ಕೇಳಿಸಿತು. ಅಜ್ಜಿಯೊಬ್ಬಳು ಕಂಡಕಂಡವರ ಕೈಗೆಲ್ಲ ಸಕ್ಕರೆ ಹಾಕುತ್ತಿದ್ದಳು. ವಲಿ ಪಾಷಾನ ಬಾಯಲ್ಲಿ ಅದು ಕಹಿಯಾಯಿತು. ರಿಪೋರ್ಟನ್ನು ರಾಯಚೂರಿಗೆ ಹೋಗಿಯೇ ಬರೆಯುತ್ತೇನೆಂದು ಡಾಕ್ಟರಿಗೆ ಹೇಳಿ, ಹತಾರಗಳ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಕದ್ದು ಬಂದ ಎಂದರೂ ಸರಿ.

"ಪಾಷಾ! ನಿಲ್ಲೋ ನಮ್ಮಪ್ಪ!"

ಖಾಸಿಂ ಬೀ ಸೆರಗು ಸರಿಮಾಡಿಕೊಳ್ಳುತ್ತ ಏದುಸಿರು ಬಿಡುತ್ತ ಬಂದಳು. "ಆ ಹುಡುಗಿ ಹೆಸರು ಬರೀಬ್ಯಾಡ. ಅಲ್ಲಿ ಕಟ್ಟಿದಾಕಿ ನಾನು. ಆಗ ಅಂಜಿ ಬಾಯಿ ಬಿಡಲಿಲ್ಲ."

"ನೀನಾ? ಆಕಿ ದಾರ ನಂದ ಅಂದ್ಲಲ್ಲ!"

"ದಾರ ಆಕಿದ. ಕೆಳಗ ಮಷಿನ್ ಬಾಗಿಲ ತಿರುವೋ ಗಾಲಿಗಿ ಕಟ್ಟಿದ್ಲು. ನಿನ್ನೆಯಿಂದ ಮಷಿನ್ನು ಮ್ಯಾಲಿಂದ ಉಸ್ಸ್ ಉಸ್ಸ್ ಅಂತ ಒದ್ದಾಡಾಕತ್ತಿತ್ತು. ಎಲ್ಲಿ ನೋವು ಅದನೋ ಅಲ್ಲೇ ತಾಯತ ಕಟ್ಟಬೇಕಲ್ಲೇನಪ್ಪ? ನೋವು ಮ್ಯಾಲ, ದಾರ ಕೆಳಗ! ಅದಕ್ಕ ಬಿಚ್ಚಿ ಮ್ಯಾಲ ಕಟ್ಟಿದೆ. ಬಿಚ್ಚಿ ಬಿದ್ದೀತು ಅಂತ ಪಟ್ಟಿನೂ ಸುತ್ತಿದೆ. ಉಸ್ಸ್ ಅನ್ನೋದು ನಿಂತೂ ಬಿಡ್ತು!"

ವಲಿ ಪಾಷಾ ಬೈಯಲು ಹೋಗಿ ತಡೆದುಕೊಂಡ. ವಾಲ್ವಿನ ವಿಷಯ ಅವನು ಸಿಸ್ಟರಿಗೆ ಹೇಳಿದ್ದ, ಡಾಕ್ಟರಿಗೆ ಹೇಳಿದ್ದ. ದಿನವೆಲ್ಲ ಅದರ ಪಕ್ಕದಲ್ಲೇ ನಿಲ್ಲುವ ಈ ಮುದುಕಿಗೆ ಒಂದು ಮಾತು ಹೇಳಿರಲಿಲ್ಲ.

"ಆಕಿ ಏನಂತ ಹರಕಿ ಕಟ್ಟಿದ್ಲು?"

"ಮತ್ತೊಬ್ಬರ ಹರಕಿ ಬಾಯಿ ಬಿಡಬಾರದು," ಎಂದಳು ಖಾಸಿಂ ಬೀ. ಆದರೆ ಮುದುಕಿಯ ಹೊಟ್ಟೆಯಲ್ಲಿ ಮಾತು ನಿಲ್ಲದು. "ಶುಕ್ರವಾರ ಗಿಲ್ಲೆಸುಗೂರಿನವರು ಆಕಿನ್ನ ನೋಡಾಕ ಬರ್ತಾರ. ಹತ್ತಿ ವ್ಯಾಪಾರದ ಮನಿ. ಆಕಿ ಅಣ್ಣ ಶಾಮೀದಸಾಬ ಅವತ್ತ ಮಾತು ಕೊಟ್ಟುಬಿಡ್ತಾನ. ಹುಡುಗಿ ಅನ್ನ ಬಿಟ್ಟಾಳ. ಇಷ್ಟ ನಂಗ ಗೊತ್ತು."

ರಾಯಚೂರಿನ ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ.

ಜಾಹೆದಾ ಹಿಂದಿನ ಕೋಣೆಯಲ್ಲಿ ತೊಳೆದ ರಬ್ಬರ್ ಗ್ಲೌಸುಗಳಿಗೆ ಪೌಡರು ಹಾಕುತ್ತಿದ್ದಳು. ಒಂದು ಕೆನ್ನೆಯ ಮೇಲೆ ಪೌಡರು ಅಂಟಿತ್ತು. ಅಳುತ್ತ ಒರೆಸಿಕೊಂಡಿರಬೇಕು. ಬೇರೆ ದಿನವಾಗಿದ್ದರೆ ಅವನು ಬಹಳ ಹೊತ್ತು ಹೇಳದೆ ನೋಡಿ ನಗುತ್ತಿದ್ದ.

"ದಾರ ನಿಮ್ದು. ವಾಲ್ವಿಗಿ ಕಟ್ಟಿದ್ದು ನೀವಲ್ಲ," ಎಂದ. "ಯಾಕ ಸುಮ್ಮನ ನಿಂತು ಬೈಸಿಕೊಂಡ್ರಿ?"

"ಖಾಸಿಂ ಬೀ ಹೇಳಿದ್ಲೇನು? ಆಕಿಗಿ ನೌಕರಿ ಬಿಟ್ರ ಗತಿ ಇಲ್ಲ."

"ಅಷ್ಟಕ್ಕೇನಾ?"

ಅವಳು ಗ್ಲೌಸನ್ನು ಹಿಂಡಿದಳು.

ಅವನ ಎದೆಯೊಳಗೆ ಒಂದು ನೋವು ಬೆಳಗಿನಿಂದ ಚುಚ್ಚುತ್ತಿತ್ತು. ಅದನ್ನು ಆಡಿಯೇ ಬಿಟ್ಟ. "ಮಷಿನ್ ಎಂದೂ ಕೆಡಬಾರದು ಅಂತ ಕಟ್ಟಿದ್ರಿ, ಹೌದಲ್ಲ? ಕೆಟ್ರ ಈ ಪಾಷಾ ಬರ್ತಾನ. ಅವನ ಮಾರಿ ನೋಡೋದು ತಪ್ಪಲಿ ಅಂತ."

ಜಾಹೆದಾ ಸರಕ್ಕನೆ ತಲೆಯೆತ್ತಿದಳು. ಅವಳ ಮೂಗು ಕೆಂಪಾಗಿತ್ತು, ಕಣ್ಣಲ್ಲಿ ಸಿಟ್ಟಿತ್ತು.

"ಕೆಡ್ಲಿ ಅಂತ ಕಟ್ಟಿದ್ದೆ!"

"ಏನು?"

"ಕೆಡ್ಲಿ ಅಂತ! ಆರು ತಿಂಗಳ ಹಿಂದ ಅದೇನು ಮಾಡಿ ಹೋದ್ರೋ, ಹಾಳಾದ್ದು ಕೆಡವಲ್ದು! ಅಣ್ಣ ಗಿಲ್ಲೆಸುಗೂರಿಗಿ ಮಾತು ಕೊಡೋದ್ರಾಗ ಒಂದ ಸಲ ಬರ್ಲಿ, ಒಂದ ಸಲ ನೋಡ್ತೀನಿ ಅಂತ ಬೇಡಿಕೊಂಡೆ. ಸಣ್ಣದಾಗಿ ಕೆಡ್ಲಿ ಅಂದಿದ್ದೆ ನಾನು. ಇಂಥಾದ್ದು ಬೇಡಿರಲಿಲ್ಲ. ನನ್ನ ಆಸೆಗಿ ಆ ಮುದುಕಿ ಮಾರಿ ಸುಡ್ತಿತ್ತು. ನಿಮ್ಗ ಏನಾರ ಆಗಿದ್ರ? ತಪ್ಪು ನಂದಲ್ಲದ ಯಾರ್ದು? ಬರೀರಿ ಹೋಗ್ರಿ, ನನ್ನ ಹೆಸರೇ ಬರೀರಿ."

ವಲಿ ಪಾಷಾ ಎಷ್ಟೋ ಕೆಟ್ಟ ಮಷಿನ್‌ಗಳ ಮುಂದೆ ನಿಂತವನು. ಹೀಗೆ ಕೈಕಾಲು ಆಡದೆ ಎಂದೂ ನಿಂತಿರಲಿಲ್ಲ.

"ಸ್ಪ್ರಿಂಗ್ ಹಳೇದಾಗಿತ್ತು," ಎಂದ ಕಡೆಗೆ. "ನಿಮ್ಮ ಹರಕಿಗಿ ಕೆಟ್ಟಿದ್ದಲ್ಲದು. ದೇವರಿಗಿ ಬ್ಯಾರೆ ಕೆಲಸ ಇರ್ತಾವ. ಮತ್ತ... ನಾನೂ ದಿನಾ ಮುಂಜಾನಿ ಮಾನ್ವಿದು ಏನಾರ ಕೆಟ್ಟದೇನು ಅಂತ ನೋಡ್ತಿದ್ದೆ."

"ನೋಡ್ತಿದ್ರಿ? ಸುಮ್ಮನ ಬರಾಕ ಏನಾಗಿತ್ತು?"

"ಕಾರಣ ಬೇಕಲ್ಲ."

"ಕಾರಣ!" ಅವಳು ಗ್ಲೌಸನ್ನು ಅವನ ಎದೆಗೆ ಎಸೆದಳು. ಇಸ್ತ್ರಿ ಅಂಗಿಯ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು. ಅವಳಿಗೆ ನಗು ಬಂತು, ನಗುತ್ತಲೇ ಅತ್ತಳು. ಅವನು ಅಂಗಿ ಝಾಡಿಸಿಕೊಳ್ಳಲಿಲ್ಲ.

ಅಲ್ಲೇ ಅವಳ ಮೇಜಿನ ಮುಂದೆ ಕೂತು ರಿಪೋರ್ಟ್ ಬರೆದ. ಬರೆದದ್ದನ್ನು ಓದಿ ಹೇಳಿದ: ವಾಲ್ವ್ ಕಟ್ಟಿದ್ದು ತಿಳಿಯದೆ ಆದದ್ದು, ಮಷಿನ್ ಹತ್ತಿರ ಕೆಲಸ ಮಾಡುವ ಆಯಾಗೆ ಅದರ ಅಪಾಯವನ್ನು ಸೀನಿಯರ್ ಟೆಕ್ನಿಷಿಯನ್ ಹೇಳಿಕೊಡಬೇಕಿತ್ತು, ಹೇಳಿಕೊಟ್ಟಿರಲಿಲ್ಲ, ಇಂದು ಹೇಳಿಕೊಡಲಾಗಿದೆ.

"ಹಿಂಗ ಬರದ್ರ ನಿಮ್ಗ ಬೈತಾರ."

"ಬೈಲಿ. ಬೈಸಿಕೊಳ್ಳಾಕ ಅಂತ ಸೀನಿಯರ್ ಅಂತ ಕರೀತಾರ."

ನಿಜಕ್ಕೂ ಖಾಸಿಂ ಬೀಯನ್ನು ಕರೆದು ಮಷಿನ್ ಮುಂದೆ ನಿಲ್ಲಿಸಿ ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿ, "ಹಂಗಾದ್ರ ಉಸ್ಸ್ ಅನ್ನೋದು ಜಡ್ಡಲ್ಲ, ಮಷಿನ್ನಿನ ಉಸುರು ಅನ್ನು!" ಎಂದಳು. ಅದಕ್ಕಿಂತ ಚೆನ್ನಾಗಿ ಹೇಳಲು ಅವನಿಗೂ ಬರುತ್ತಿರಲಿಲ್ಲ. ಪಾರ್ವತೆಮ್ಮ ರಿಪೋರ್ಟ್ ಓದಿ, ಕನ್ನಡಕದ ಮೇಲಿಂದ ಅವನ ಅಂಗಿ ನೋಡಿ, ಸಹಿ ಹಾಕಿದರು.

"ನಿಮ್ಮಣ್ಣನ ಅಂಗಡಿ ಪೋತ್ನಾಳದಾಗ ಅಲ್ಲೇನು?" ಎಂದ ಗೇಟಿನ ಹತ್ತಿರ.

ಜಾಹೆದಾ ನಿಂತುಬಿಟ್ಟಳು. "ಇವತ್ತ?"

"ಶುಕ್ರವಾರದ ತನಕ ಕಾಯಾಕ ನಂಗ ಧೈರ್ಯ ಇಲ್ಲ."

ಅವಳು ಸುತ್ತ ನೋಡಿ, ಸೆರಗಿನ ತುದಿಯಿಂದ ಅವನ ಎದೆಯ ಮೇಲಿನ ಪೌಡರನ್ನು ಒಮ್ಮೆ ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. "ಒಂದ ಮಾತು. ಅಲ್ಲಿ ಹೋಗಿ ಮಷಿನ್ ನೋಡಾಕ ಬಂದೀನಿ ಅನಬ್ಯಾಡ್ರಿ ಮತ್ತ."

ಪೋತ್ನಾಳದಲ್ಲಿ ಶಾಮೀದಸಾಬನ ಅಕ್ಕಿ ಅಂಗಡಿಯ ಮುಂದೆ ವಲಿ ಪಾಷಾ ಬಸ್ಸಿಳಿದ. ಹಬೆಯ ಮುಂದೆ ಚಾಚಿದ ಕೈ ಈಗ ಚೀಲದ ಹಿಡಿಯನ್ನು ಬಿಡಲೊಲ್ಲದು. ಹತ್ತಿಯ ಮನೆಯವರೆಲ್ಲಿ, ಸ್ಪ್ಯಾನರಿನವನೆಲ್ಲಿ! ಇಲ್ಲ ಎಂದುಬಿಟ್ಟರೆ ಮುಗಿಯಿತು, ಈ ದಾರಿಗೆ ಮತ್ತೆ ಬರುವ ಮುಖವಿರುವುದಿಲ್ಲ.

"ಬರ್ರಿ ಮೇಸ್ತ್ರಿ, ಬರ್ರಿ!" ಶಾಮೀದಸಾಬ ತಕ್ಕಡಿಯ ಹಿಂದಿನಿಂದ ಕರೆದ. ತಂಗಿಯ ಆಸ್ಪತ್ರೆಗೆ ಬರುವ ಮನುಷ್ಯನೆಂದು ಅವನಿಗೆ ಗುರುತಿತ್ತು. "ಈ ಕಡಿ ಏನು ರಿಪೇರಿ ಇತ್ರಿ?"

"ರಿಪೇರಿ ಏನಿಲ್ಲ ಭಾಯಿ." ಅವನು ಚೀಲ ನೆಲಕ್ಕಿಟ್ಟ. "ಜಾಹೆದಾನ್ನ ಕೇಳಾಕ ಬಂದೀನಿ."

ತಕ್ಕಡಿ ತೂಗುತ್ತಿದ್ದ ಕೈ ನಿಂತಿತು. ಶಾಮೀದಸಾಬ ಅವನ ಮುಖ ನೋಡಿದ. ಎದೆಯ ಮೇಲಿದ್ದ ಬಿಳಿ ಕೈಗುರುತನ್ನು ನೋಡಿದ.

"ಬಂದ ಸಂಬಂಧಕ್ಕೆಲ್ಲ ನಕ್ಕೋ ನಕ್ಕೋ, ಬ್ಯಾಡ ಬ್ಯಾಡ ಅಂತಾಳ. ಯಾಕ ಬ್ಯಾಡ ಅಂತ ಹೇಳವಲ್ಲಳು. ನನ್ನ ತಲಿ ಕೆಟ್ಟು ಗೊಬ್ಬರ ಆಗ್ಯದ," ಎಂದ ಶಾಮೀದಸಾಬ ನಿಧಾನವಾಗಿ. ಆಮೇಲೆ ತಕ್ಕಡಿಯನ್ನು ದಬ್ಬಿ ಎದ್ದು ನಿಂತ. ಇಷ್ಟು ವರ್ಷ ರೀ ಹಚ್ಚದೆ ಮಾತಾಡದವನು, ರೀ ಬಿಟ್ಟ.

"ಇಷ್ಟು ದಿನ ಎಲ್ಲಿ ಸತ್ತಿದ್ಯೋ ನೀನು? ಬಾ, ಒಳಗ ಕುಂಡ್ರು. ಗಿಲ್ಲೆಸುಗೂರಿನವರಿಗಿ ಏನು ಹೇಳೋದು, ಇಬ್ರೂ ಕೂಡಿ ವಿಚಾರ ಮಾಡೂನು."